ಅವ್ವ ಕೂಗಿದ ಫೈನಲ್

ಹಾಂ, ನಿನ್ನೆ ಅಪ್ಪನ ಗಂಟಲಿನ ವಿಷಯಕ್ಕೆ ಬಂದು ನಿಲ್ಲಿಸಿದ್ದೆ. ಇವತ್ತು ಅಮೆರಿಕದ ಈ ಸೀಡರ್ ಪಾರ್ಕ್ ಊರಿನ ಶಾಲೆಯ ಮೈದಾನದಲ್ಲಿ ಬೇಸ್‌ಬಾಲ್ ಆಟಕ್ಕೆ ಬಿಳಿ ಗೆರೆ ಎಳೆಯುತ್ತಿದ್ದರು. ಆ ಸುಣ್ಣದ ಪುಡಿಯ ವಾಸನೆ ಅಪ್ಪನ ಮೈದಾನದ್ದೇ, ಕಾಲು ಮುಂದೆ ಹೋಗಲಿಲ್ಲ. ಬೆಂಚಿನ ಮೇಲೆ ಕೂತು ಫೋನಿನಲ್ಲಿ ಬರೆಯುತ್ತಿದ್ದೇನೆ.

ಧಾರವಾಡದ ಕಾಲೇಜೊಂದರಲ್ಲಿ ಫುಟ್‌ಬಾಲ್, ಕ್ರಿಕೆಟ್ ಎರಡಕ್ಕೂ ಅಪ್ಪನೇ ಕೋಚ್. ವರ್ಷಗಟ್ಟಲೆ ಕೂಗಿ ಅವರ ದನಿಯೇ ಬಿದ್ದುಹೋಗಿತ್ತು.

“ದನಿ ಇಲ್ಲದ ಕೋಚ್ ಯಾಕ ಬೇಕ್ರೀ? ಈ ಫೈನಲ್ ಸೋತ್ರ ನಿಮ್ಮನ್ನ ಆಫೀಸ್ ಕೆಲಸಕ್ಕ ಹಾಕ್ತೀನಿ ನೋಡ್ರಿ,” ಎಂದಿದ್ದರು ಪ್ರಿನ್ಸಿಪಾಲರು.

ಫುಟ್‌ಬಾಲ್ ಫೈನಲ್ ದಿನ ಅವ್ವ ತಲೆತುಂಬ ಸೆರಗು ಹೊದ್ದು ಅಪ್ಪನ ಪಕ್ಕದಲ್ಲಿ ನಿಂತಳು. ಅಪ್ಪ ಅವಳ ಕಿವಿಯಲ್ಲಿ ಪಿಸುಗುಟ್ಟುವುದು, ಅವಳು ಕೂಗುವುದು.

“ಏ ಬಸ್ಯಾ, ಎಡಕ್ಕ ಓಡೋ! ಮದಿವಿ ಮನ್ಯಾಗ ಊಟಕ್ಕ ಕಾದಂಗ ನಿಂತೀಯಲ್ಲ!”

“ಅಷ್ಟೆಲ್ಲಾ ನಾ ಹೇಳಿಲ್ಲ,” ಎಂದು ಅಪ್ಪ ಪಿಸುಗುಟ್ಟಿದರು.

“ಇರ್ಲಿ ಬಿಡ್ರಿ, ಓಡಿದ್ನಲ್ಲ!”

ಓಡಿದರೂ ಹುಡುಗರು ಸೋತರು. ನಾನು ಕಾಲೇಜಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ಮಾರಲ್ ವಿಕ್ಟರಿ, ಅಂದರೆ ಸೋತರೂ ಗೆದ್ದಂತೆ, ಅಂತ ಏನೋ ಇತ್ತು. ಪ್ರಿನ್ಸಿಪಾಲರಿಗೆ ಅದು ಸಾಲಲಿಲ್ಲ, ಅಪ್ಪನನ್ನು ಆಫೀಸಿಗೆ ಹಾಕಿಯೇಬಿಟ್ಟರು.

ಫೈನಲ್ ಆದ ರಾತ್ರಿ ಊಟಕ್ಕೆ ಕೂತಾಗ ಅವ್ವನ ದನಿಯೂ ಬಿದ್ದಿತ್ತು. ಅಪ್ಪ ಬೆರಳು ತಿಕ್ಕಿ ಸನ್ನೆಯಲ್ಲೇ ಉಪ್ಪು ಕೇಳಿದರು. ಅವ್ವ ಎದ್ದು ಹೋಗಿ ಬೆಲ್ಲ ತಂದಳು. ಇಬ್ಬರೂ ಸದ್ದಿಲ್ಲದೆ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

ನನ್ನವಳು ತೀರಿಹೋದ ಮೇಲೆ ಒಬ್ಬನೇ ಉಣ್ಣುವುದು, ನನ್ನ ಊಟ ಬೇಗ ಮುಗಿಯುತ್ತದೆ. ಅರೆ, ಬೆಳಕು ಹೋಗುತ್ತಿದೆ. ಏಳಬೇಕು.