ಬಾಯ್ಲರ್ ಗೋಡೆಯ ಬಿಲ್ಲೆ

ಆ ಬಿಲ್ಲೆ ಒಂದು ಬಿಸ್ಕತ್ತಿನಷ್ಟು ದೊಡ್ಡದು. ಒಂದು ಬದಿ ಕಾದು ಇನ್ನೊಂದು ಬದಿ ತಂಪಾಗಿದ್ದರೆ ಸಾಕು, ಕರೆಂಟು ಹುಟ್ಟುತ್ತದೆ. ಒಳಗೆ ಬಿಸ್ಮತ್, ಟೆಲ್ಯೂರಿಯಂ ಬೆರೆಸಿದ ಪುಟ್ಟ ಕರಿ ತುಂಡುಗಳು. ತೇವ ನುಗ್ಗದಂತೆ ಅಂಚಿನ ಸುತ್ತ ಸಿಲಿಕೋನ್ ಸೀಲು. ಅದನ್ನು ಪರೀಕ್ಷಿಸಲು ಕಂಪನಿಯವರು ನನ್ನನ್ನು ಗಂಗಾವತಿಯ ಒಂದು ಅಕ್ಕಿ ಗಿರಣಿಗೆ ಕಳಿಸಿದ್ದರು. ಹೊಟ್ಟು ಉರಿಸುವ ಬಾಯ್ಲರಿನ ಹೊರಗೋಡೆಗೆ ಬಿಲ್ಲೆ ಕೂರಿಸಿ, ಮೀಟರಿನ ಅಂಕಿ ಬರೆದುಕೊಳ್ಳುವುದು ನನ್ನ ಕೆಲಸ.

ಬಾಡಿಗೆ ಕೋಣೆ, ಖಾನಾವಳಿ, ಗಿರಣಿ, ಇಷ್ಟೇ. ದಿನವಿಡೀ ಬಾಯಿ ಬಿಡದೆ ಇದ್ದದ್ದೂ ಉಂಟು. ನಾನೂ ಬೆರೆಯುವ ಪೈಕಿ ಅಲ್ಲ, ಸಿಟ್ಟು ಮೂಗಿನ ತುದಿಯಲ್ಲೇ. ನನ್ನನ್ನು ಮಾತಾಡಿಸುತ್ತಿದ್ದವರು ಬಾಯ್ಲರಿಗೆ ಹೊಟ್ಟು ಹಾಕುವ ಮುದುಕರೊಬ್ಬರೇ. ಕಾಕಾ ಅನ್ನುತ್ತಿದ್ದೆ. ಮಧ್ಯಾಹ್ನ ಬುತ್ತಿ ಬಿಚ್ಚಿ, "ಉಣ್ಣಾಕ ಬರ್ರಿ, ಆ ಮೀಟರೇನ್ ಓಡಿ ಹೋಗಂಗಿಲ್ಲ" ಎಂದು ಕರೆಯುವರು. ಆ ಒಂದು ಕರೆಗಾಗಿ ಬೆಳಗಿನಿಂದ ಕಾಯುತ್ತಿದ್ದೆ. ಹೇಳಲು ಸಂಕೋಚವೇನು, ಕಾಯುತ್ತಿದ್ದೆ.

ಅಮಾವಾಸ್ಯೆಯ ದಿನ ಬೆಂಕಿ ಆರಿಸಿ, ಯಂತ್ರಗಳನ್ನೆಲ್ಲ ತೊಳೆದು ಪೂಜೆ ಮಾಡುವುದು ಆ ಗಿರಣಿಯ ವಾಡಿಕೆ. ನಾನು ಹೋಗುವಷ್ಟರಲ್ಲಿ ಬಿಲ್ಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮೇಲೆ ವಿಭೂತಿ, ಕುಂಕುಮ.

"ಇದೂ ದುಡೀತೈತಲ್ರಿ, ಹಂಗ ಬಿಟ್ರ ಹೆಂಗ?" ಎಂದರು ಕಾಕಾ, ಮುಖ ಅರಳಿಸಿಕೊಂಡು.

ಮರುದಿನ ಬಾಯ್ಲರ್ ಕಾದರೂ ಮೀಟರು ಸೊನ್ನೆ ಬಿಟ್ಟು ಏಳಲಿಲ್ಲ. ಹತ್ತು ಜನರ ಮುಂದೆ ಕಾಕಾ ಮೇಲೆ ಹರಿಹಾಯ್ದೆ. ನಿಮಗೆ ತಿಳಿಯದ್ದಕ್ಕೆ ಯಾಕೆ ಕೈ ಹಾಕುತ್ತೀರಿ, ಬುದ್ಧಿ ಬೇಡವೇ ಎಂದೆಲ್ಲ ಕೂಗಾಡಿದೆ. ಅವರು ಸಲಿಕೆ ಕೆಳಗಿಟ್ಟು ಕೇಳಿಸಿಕೊಂಡರು.

ಸಂಜೆ ಬಿಲ್ಲೆ ಬಿಚ್ಚಿದೆ. ಒಳಗಿನ ಬೆಸುಗೆಗಳಿಗೆಲ್ಲ ಹಸಿರು ಕಿಲುಬು. ಒಂದು ದಿನದ ನೀರಿಗೆ ಅಷ್ಟು ಕಿಲುಬು ಹಿಡಿಯುವುದಿಲ್ಲ. ಸೀಲು ಪೂರ್ತಿ ಒಣಗುವ ತನಕ ತಡೆಯದೆ ಅವಸರದಲ್ಲಿ ಕೂರಿಸಿದ್ದವನು ನಾನು. ಒಂದು ಮೂಲೆ ಬಾಯಿ ಬಿಟ್ಟಿತ್ತು, ಭತ್ತ ಬೇಯಿಸುವ ಹಬೆ ವಾರಗಳಿಂದ ಒಳಗೆ ಹೋಗಿತ್ತು. ಅಂಕಿ ದಿನೇ ದಿನೇ ಇಳಿಯುತ್ತಿದ್ದುದನ್ನು ನನ್ನ ಕೈಯಾರೆ ಬರೆದಿದ್ದೆ. ಹೊಟ್ಟು ಹಸಿ ಇರಬೇಕು ಅಂದುಕೊಂಡು ಸುಮ್ಮನಿದ್ದೆ, ದಡ್ಡ.

ಬೆಳಿಗ್ಗೆಯೇ ಹೋಗಿ ತಪ್ಪು ನನ್ನದು ಕಾಕಾ ಎಂದೆ. "ಇರ್ಲಿ ಬಿಡ್ರಿ" ಎಂದರು. ಮಧ್ಯಾಹ್ನ ನನಗೆ ಬೆನ್ನು ಮಾಡಿ ಒಬ್ಬರೇ ಉಂಡರು. ಮರುದಿನವೂ ಹಾಗೆಯೇ.

ಹೊಸ ಬಿಲ್ಲೆ ಬಂತು. ಈ ಸಲ ಸೀಲು ಗಟ್ಟಿಯಾಗಿತ್ತು, ಅಂಕಿಗಳು ಚೆನ್ನಾಗಿ ಬರುತ್ತಿದ್ದವು. ಹೇಳಿಕೊಳ್ಳಲು ಯಾರೂ ಇರಲಿಲ್ಲ. ಮುಂದಿನ ಅಮಾವಾಸ್ಯೆಗೆ ಕಾಕಾ ಒಂದೊಂದೇ ಯಂತ್ರಕ್ಕೆ ವಿಭೂತಿ ಹಚ್ಚುತ್ತಾ ಬಂದು, ನನ್ನ ಬಿಲ್ಲೆಯಿಂದ ಒಂದು ಮಾರು ದೂರ ಸರಿದರು.

"ಇದಕ್ಕೂ ಹಚ್ಚಿ ಕಾಕಾ," ನಾನೇ ಬೇಡಿಕೊಂಡೆ.

"ಬ್ಯಾಡ್ರಿ, ನಮಗ ಅದು ತಿಳಿಯಂಗಿಲ್ಲ," ಎಂದು ವಿಭೂತಿ ಬಟ್ಟಲು ಹಿಡಿದು ಮುಂದಿನ ಯಂತ್ರಕ್ಕೆ ಹೋದರು.