ಮೂಕ ಟಿವಿ ಮತ್ತು ಒಂದು ರಿಮೋಟು

ಇದನ್ನು ಬರೆಯಬೇಕೆಂದು ಕೂತು, ಬರೆಯದೆ ಎದ್ದ ಸಂಜೆಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ, ಒಂದು ಮಗು ಹುಟ್ಟಿ, ಅಂಬೆಗಾಲಿಟ್ಟು, ಶಾಲೆ ಸೇರಿ, ಈಗ ನನ್ನ ಇಂಗ್ಲಿಷಿಗೆ ಬಿದ್ದು ಬಿದ್ದು ನಗುವಷ್ಟು ದೊಡ್ಡದಾದ ಕಾಲವಾಗುತ್ತದೆ. ಇದು ಅಲಂಕಾರಕ್ಕೆ ಹೇಳಿದ ಮಾತಲ್ಲ. ಆ ಮಗು ನನ್ನ ಮೊಮ್ಮಗಳು, ಮತ್ತು ನನ್ನ ತಡಕ್ಕೂ ಅವಳ ವಯಸ್ಸಿಗೂ ಸಂಬಂಧವಿದೆ. ಅದನ್ನು ಮುಂದೆ ಹೇಳುತ್ತೇನೆ. ಮೊದಲು ರಿಮೋಟಿನ ವಿಷಯ ಹೇಳಿಬಿಡುತ್ತೇನೆ. ಅದು ಸಣ್ಣದು, ಸಣ್ಣದರಿಂದ ಶುರು ಮಾಡಿದರೆ ದೊಡ್ಡದಕ್ಕೆ ಸ್ವಲ್ಪ ಧೈರ್ಯ ಬಂದೀತು.

ಮಲೇಷ್ಯಾದ ಪುಚೊಂಗಿನ ನಮ್ಮ ಮನೆಯಲ್ಲಿ ಟಿವಿಯ ರಿಮೋಟು ಕಾಣೆಯಾದರೆ ಯಾರೂ ಸೋಫಾದ ಸಂದಿಯಲ್ಲಿ ಹುಡುಕುವುದಿಲ್ಲ, ನೇರವಾಗಿ ನನ್ನ ಮಡಿಲು ನೋಡುತ್ತಾರೆ. ಕೇಳಿದರೆ ಕೈಗೆ ಕೊಡುತ್ತೇನೆ, ಟಿವಿಯ ಪಕ್ಕದಲ್ಲಾದರೂ ಇಡುತ್ತೇನೆ; ಆದರೆ ಕೂತವರ ಎದುರಿಗೆ ಮೇಜಿನ ಮೇಲೆ ಅದನ್ನು ಸರಿಸಿ ಇಡುವುದು ಮಾತ್ರ ನನ್ನಿಂದ ಆಗುವುದಿಲ್ಲ. "ಅಪ್ಪಯ್ಯ, ಅದೆಂತ ಬಂಗಾರದ ಗಟ್ಟಿಯಾ? ಯಾರೂ ಕದ್ಕೊಂಡ್ ಹೋಗುದಿಲ್ಲ ಮಾರಾಯ್ರೆ" ಎಂದು ಮಗಳು ರೇಗುತ್ತಾಳೆ. ನನಗೆ ಇನ್ನೊಂದು ರೋಗವೂ ಇದೆ. ಫುಟ್‌ಬಾಲ್ ಪಂದ್ಯ ಬಂದರೆ ನನ್ನ ಹೆಬ್ಬೆರಳು ತಾನಾಗಿ ಹೋಗಿ ಸದ್ದು ಅಡಗಿಸುವ ಗುಂಡಿಯನ್ನು ಒತ್ತುತ್ತದೆ. ಆ ಗುಂಡಿಯ ಮೇಲಿನ ಚಿತ್ರ ಸವೆದೇ ಹೋಗಿದೆ. ಮೊಮ್ಮಗಳು ಕೇಳುತ್ತಾಳೆ: "ಅಜ್ಜ, ವೈ ಯೂ ಆಲ್ವೇಸ್ ಮ್ಯೂಟ್ ಲಾ? ಟಿವಿ ಸಿಕ್ ಆ?" ಟಿವಿಗೆ ಜ್ವರವಿಲ್ಲ ಮಗಾ, ಅಜ್ಜನಿಗೆ ಎಂದು ಹೇಳಬೇಕೆನಿಸುತ್ತದೆ.

ನಾನು ಕುಂದಾಪುರದ ಕಡೆಯವನು. ಎಸ್ಸೆಸ್ಸೆಲ್ಸಿ ಪಾಸಾಗಿದ್ದೇನೆ, ಕನ್ನಡದಲ್ಲಿ ಒಳ್ಳೆಯ ಅಂಕ, ಗಣಿತದಲ್ಲಿ ಮೇಷ್ಟರ ಕರುಣೆ. ನಮ್ಮ ಕಡೆ ಓದು ಬಿಟ್ಟವರು ಹೋಟೆಲಿಗೆ ಹೋಗುತ್ತಾರೆ, ಆ ಹೋಟೆಲು ಬಿಟ್ಟವರು ಇನ್ನೊಂದು ಹೋಟೆಲಿಗೆ. ಹಾಗೆ ಹೋಗುತ್ತ ಹೋಗುತ್ತ ನಾನು ಸಮುದ್ರ ದಾಟಿ ಪುಚೊಂಗಿನ ಒಂದು ಸಣ್ಣ ಪಬ್ಬಿನ ಅಡುಗೆಮನೆಗೆ ಬಂದು ಮುಟ್ಟಿದೆ. ಕೆಳಗೆ ಹಗಲಿರುಳು ತೆರೆದಿರುವ ಮಾಮಾಕ್, ಅಂದರೆ ತಮಿಳು ಮುಸ್ಲಿಮರ ಚಹಾದಂಗಡಿ, ಅದರ ಮೇಲಿನ ಮಹಡಿಯಲ್ಲಿ ನಾವು. ಯಜಮಾನ ಒಬ್ಬ ಚೀನೀಯ; ಇಲ್ಲಿನ ರೂಢಿಯಂತೆ ಎಲ್ಲರೂ ಅವನನ್ನು ತೌಕೆ ಎನ್ನುತ್ತಿದ್ದರು. ನನ್ನ ಬಂಗಡೆ ಫ್ರೈ ಅವನಿಗೆ ಎಷ್ಟು ಹಿಡಿಸಿತೆಂದರೆ, ಬರಬರುತ್ತ ಅಡುಗೆಯ ಜೊತೆಗೆ ಅಂಗಡಿಯ ಉಸ್ತುವಾರಿಯೂ ನನ್ನ ಹೆಗಲಿಗೆ ಬಿತ್ತು.

ಶನಿವಾರ ಸಂಜೆ ಪಬ್ಬು ತುಂಬುತ್ತಿದ್ದುದು ನನ್ನ ಬಂಗಡೆಯಿಂದ ಅಲ್ಲ, ಫುಟ್‌ಬಾಲಿನಿಂದ. ಇಂಗ್ಲೆಂಡಿನಲ್ಲಿ ಮಧ್ಯಾಹ್ನ ಒದ್ದ ಚೆಂಡು ನಮ್ಮಲ್ಲಿ ಊಟದ ಹೊತ್ತಿಗೆ ಉರುಳುತ್ತದೆ. ಅದನ್ನು ಅಂಗಡಿಯಲ್ಲಿ ಹತ್ತು ಜನರಿಗೆ ತೋರಿಸಬೇಕಾದರೆ ವ್ಯಾಪಾರದ ಚಂದಾ ಬೇರೆ, ಅದು ಮನೆಯ ಚಂದಾದಂತಲ್ಲ. ತೌಕೆಗೆ ಆ ಖರ್ಚು ಬೇಡವಾಗಿತ್ತು. ಥಾಯ್ಲೆಂಡಿನ ಕಡೆಯಿಂದ ಒಂದು ಸೆಟ್‌ಟಾಪ್ ಪೆಟ್ಟಿಗೆ ಬಂತು, ತಾರಸಿಯ ನೀರಿನ ತೊಟ್ಟಿಯ ಹಿಂದೆ ಒಂದು ಡಿಶ್ ತಟ್ಟೆ ಆಕಾಶದ ಇನ್ನಾವುದೋ ದಿಕ್ಕಿಗೆ ಮುಖ ಮಾಡಿ ಕೂತಿತು, ಪಕ್ಕದ ದೇಶದವರಿಗೆಂದು ಬಿತ್ತಿದ ಪಂದ್ಯ ನಮ್ಮ ಗೋಡೆಯ ಮೇಲೆ ಮೊಳೆಯಿತು. ಚಿತ್ರ ಸೊಗಸಾಗಿತ್ತು. ತೊಂದರೆ ಎರಡೇ: ಮೂಲೆಯಲ್ಲಿ ಆ ಚಾನಲ್ಲಿನ ಗುರುತು, ಮತ್ತು ಥಾಯ್ ಭಾಷೆಯ ವೀಕ್ಷಕ ವಿವರಣೆ. ಗುರುತಿನ ಮೇಲೆ ಕಪ್ಪು ಟೇಪು ಅಂಟಿಸಿದೆವು. ಸದ್ದನ್ನು ನಾನು ಅಡಗಿಸಿದೆ. ಪಂದ್ಯದ ಅಂಕವೂ ಆ ಮೂಲೆಯಲ್ಲೇ ಬರುತ್ತದೆಂಬುದು ಟೇಪು ಅಂಟಿಸಿದ ಮೇಲೆ ಹೊಳೆಯಿತು. ಹೀಗೆ ನಮ್ಮ ಗಿರಾಕಿಗಳು ಯಾರು ಗೆಲ್ಲುತ್ತಿದ್ದಾರೆಂದು ತಿಳಿಯದೆ, ಏನೂ ಕೇಳಿಸದೆ, ಹಣ ಕೊಟ್ಟು ಪಂದ್ಯ ನೋಡುವ ಸ್ಥಿತಿಗೆ ಬಂದರು.

ಆ ದಿನಗಳಲ್ಲಿ ನಾನು ಮನುಷ್ಯರ ಮುಖ ನೋಡುವುದನ್ನು ಬಿಟ್ಟು ಪಾದ ನೋಡಲು ಕಲಿತೆ. ತಪಾಸಣೆಯವರು ಬಂದರೆ ಕಪ್ಪು ಬೂಟು ಹಾಕಿಕೊಂಡು ಬರುತ್ತಾರೆಂದು ತೌಕೆ ಹೇಳಿದ್ದ. ಮೆಟ್ಟಿಲ ಮೇಲೆ ಚಪ್ಪಲಿ ಕಂಡರೆ ಬಿಯರು, ಬೂಟು ಕಂಡರೆ ಬೆವರು. ಒಮ್ಮೆ ಬೂಟು ತೊಟ್ಟ ಒಬ್ಬನನ್ನು ನೋಡಿ ಗಾಬರಿಯಲ್ಲಿ ಟಿವಿಯನ್ನೇ ಆರಿಸಿದೆ. ಆತ ಇನ್ಶೂರೆನ್ಸ್ ಮಾರಲು ಬಂದವನು. ಅಷ್ಟು ಹೊತ್ತಿಗೆ ಗೋಲು ಆಗಿಹೋಗಿತ್ತು, ನೆರೆದವರೆಲ್ಲ ನನ್ನ ಕಡೆ ನೋಡಿದ ನೋಟಕ್ಕಿಂತ ಬೂಟಿನೇಟೇ ವಾಸಿ.

ಇಂಥ ಮೂಕ ಪಂದ್ಯಕ್ಕೆ ಬಾಯಿ ಕೊಟ್ಟವರು ಧಾರವಾಡದ ಸಾಹೇಬರು. ನಾವೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದೆವು. ಹೆಂಡತಿ, ಶಾಲೆಯ ಕೊನೆಯ ವರ್ಷದಲ್ಲಿ ಓದುವ ಮಗಳೊಂದಿಗೆ ಹತ್ತಿರದಲ್ಲೇ ಇದ್ದರು, ಒಂದು ಸರಕು ಸಾಗಣೆ ಕಂಪನಿಯಲ್ಲಿ ಲೆಕ್ಕ ಬರೆಯುವ ಕೆಲಸ. ಪಬ್ಬಿಗೆ ಬಂದು ಲಿಂಬು ಸೋಡಾ ಕುಡಿಯುತ್ತಿದ್ದ ಏಕೈಕ ಗಿರಾಕಿ ಅವರು. ಬರುತ್ತಿದ್ದುದು ನಾಲ್ಕು ಜನ ಕನ್ನಡದವರು ಸಿಗುತ್ತಾರೆಂಬ ಆಸೆಗೆ. ಒಂದು ದಿನ ಬೇಸರಕ್ಕೆ ಕೂತಲ್ಲೇ ಪಂದ್ಯವನ್ನು ವರ್ಣಿಸತೊಡಗಿದರು. ನಾನು ಹೋಗಿ ಕರೋಕೆಯ ಮೈಕನ್ನು ತಂದು ಅವರ ಕೈಗೆ ಕೊಟ್ಟೆ. ನೆನಪಿಟ್ಟುಕೊಳ್ಳಿ, ಮೈಕು ಕೊಟ್ಟವನು ನಾನು.

"ನೋಡ್ರಿ ಮತ್ತ, ಬಲಗಡೆಯಿಂದ ಬಂದಾನ, ಬಂದಾನ, ಯಾರೂ ಕೇಳವರಿಲ್ಲ! ಇವಂಗೇನ್ ಮಾವನ ಮನಿ ಅಂಗಳ ಆಗೇತೇನ್ ಇದು? ಒದ್ದ! ಏ ಯಪ್ಪಾ, ಆ ಗೋಲ್‌ಕೀಪರ್ ನೋಡ್ರಿ, ಹಂಚಿನ ಮ್ಯಾಲಿನ ರೊಟ್ಟಿ ತಗದಂಗ ತಗದ್ ಬಿಟ್ಟ!"

ಕನ್ನಡದವರು ನಕ್ಕರು, ಸರಿ. ತಮಿಳರು ಅರ್ಧ ತಿಳಿದು ನಕ್ಕರು. ತೌಕೆ ಒಂದಕ್ಷರ ತಿಳಿಯದೆಯೂ ಎಲ್ಲರಿಗಿಂತ ಜೋರಾಗಿ ನಕ್ಕ. ಅಂಕ ಟೇಪಿನ ಹಿಂದೆ ಅಡಗಿದ್ದರಿಂದ ಅದನ್ನು ನೆನಪಿಟ್ಟು ಹೇಳುವ ಅಧಿಕಾರವೂ ಸಾಹೇಬರದೇ ಆಯಿತು. "ಸ್ಕೋರ್ ಬೇಕೇನ್ರಿ? ಮೊದಲ ಒಂದ್ ಪ್ಲೇಟ್ ಶೇಂಗಾ ಬರ್ಲಿ" ಎನ್ನುತ್ತಿದ್ದರು. ಹೊಸದಾಗಿ ಬಂದ ಒಬ್ಬ ತಮಿಳ, "ಸಾರ್, ಒಂದು ಗೋಲಿಗೆ ಒಂದು ಪ್ಲೇಟಾ?" ಎಂದಾಗ, "ಸೋತ ಟೀಮಿನವರಿಗೆ ಅರ್ಧಾ ಪ್ಲೇಟ್ ಸಾಕ್ರಿ, ಅಳಾಕೂ ಬಾಯಿ ಖಾಲಿ ಇರಬೇಕಲ್ಲ" ಎಂದಿದ್ದರು.

ಒಂದು ವಿಚಿತ್ರ ಹೇಳಲು ಮರೆತೆ. ಕದ್ದ ಪಂದ್ಯ ಕೊಂಡ ಪಂದ್ಯಕ್ಕಿಂತ ಬೇಗ ಬರುತ್ತಿತ್ತು. ಕೆಳಗಿನ ಮಾಮಾಕ್ ಅಂಗಡಿಯವರು ಕಾನೂನಿನಂತೆ ಚಂದಾ ಕಟ್ಟಿದವರು. ಅವರ ಟಿವಿಯಲ್ಲಿ ಚೆಂಡು ಇನ್ನೂ ಮೈದಾನದ ನಡುವೆ ಇರುವಾಗಲೇ ನಮ್ಮಲ್ಲಿ ಅದು ಬಲೆಗೆ ಬಿದ್ದಿರುತ್ತಿತ್ತು. ನಾವು ಮೇಲೆ ಕಿರುಚಿದರೆ ಕೆಳಗಿನವರ ಚಹಾ ಕಹಿಯಾಗುತ್ತಿತ್ತು. "ಅಣ್ಣೇ, ನೀಂಗ ಗೋಲ್ ಸತ್ತಂ ಪೋಡಾದೀಂಗ ಲಾ!" ಗೋಲೆಂದು ಕೂಗಬೇಡಿ ಎಂದು ಅಲ್ಲಿಂದ ಒಬ್ಬ ಮೆಟ್ಟಿಲವರೆಗೆ ಬಂದು ಜಗಳವಾಡಿದ. ಆಮೇಲೆ ಸಾಹೇಬರು ಹೊಸ ನಿಯಮ ತಂದರು: "ಗೋಲ್ ಆದ್ರ ಬಾಯಿ ಮುಚ್ಚಿ ಕುಣೀರಿ." ನೀವು ಒಮ್ಮೆ ನೋಡಬೇಕಿತ್ತು ಆ ದೃಶ್ಯ. ದೊಡ್ಡ ದೊಡ್ಡ ಗಂಡಸರು, ಅಂಗೈಯಿಂದ ಬಾಯಿ ಮುಚ್ಚಿಕೊಂಡು, ಸದ್ದಿಲ್ಲದ ಟಿವಿಯ ಮುಂದೆ ಸದ್ದಿಲ್ಲದೆ ಹಾರುತ್ತಿದ್ದರು. ಆದರೆ ಬಾಯಿ ಮುಚ್ಚುವುದು ತಡವಾಗಿತ್ತೋ ಏನೋ. ಯಾರೋ ದೂರು ಕೊಟ್ಟಿದ್ದರು. ಕೆಳಗಿನವರೆಂದು ನಾನು ಹೇಳಲಾರೆ. ಈ ಬರಹದಲ್ಲಿ ಇನ್ನೊಬ್ಬರ ಕಡೆ ಬೆರಳು ತೋರಿಸುವ ಹಕ್ಕು ನನಗಿಲ್ಲ.

ತಪಾಸಣೆಯವರು ಬಂದದ್ದು ಒಂದು ಶನಿವಾರ ಸಂಜೆ. ತೌಕೆ ಇಪೋದಲ್ಲಿದ್ದ ತಾಯಿಯನ್ನು ನೋಡಲು ಹೋಗಿದ್ದ. ಇಬ್ಬರು ಬಂದರು, ಕಾಲಲ್ಲಿ ಚಪ್ಪಲಿ, ಮೈಮೇಲೆ ಫುಟ್‌ಬಾಲ್ ಜೆರ್ಸಿ. ನನ್ನ ಪಾದಶಾಸ್ತ್ರ ಅಲ್ಲಿಗೆ ಮುಗಿಯಿತು. ತಂಪು ಪಾನೀಯ ತರಿಸಿಕೊಂಡು, ಸಾಹೇಬರ ವರ್ಣನೆಗೆ ಎಲ್ಲರ ಜೊತೆ ನಕ್ಕು, ಅರ್ಧ ಪಂದ್ಯದ ವಿರಾಮದಲ್ಲಿ ಎದ್ದು ಗುರುತಿನ ಚೀಟಿ ತೋರಿಸಿದರು. ಒಬ್ಬ ಟೇಪನ್ನು ನಿಧಾನವಾಗಿ ಸುಲಿದ. ಇನ್ನೊಬ್ಬ ಕೌಂಟರಿನ ಕೆಳಗಿನ ಪೆಟ್ಟಿಗೆಯನ್ನು ತೋರಿಸಿ ಮಲಯ ಭಾಷೆಯಲ್ಲಿ ಕೇಳಿದ: "ಸಿಯಾಪಾ ಪುನ್ಯ?" ಯಾರದು ಇದು?

ರಿಮೋಟು ನನ್ನ ಏಪ್ರನ್ನಿನ ಜೇಬಿನಲ್ಲಿತ್ತು. ನನ್ನ ಕೆಲಸದ ಪರವಾನಗಿ ನವೀಕರಣಕ್ಕೆ ಹೋಗಿತ್ತು. ಮನೆಯಲ್ಲಿ ಮಗಳು ತುಂಬು ಬಸುರಿ; ಅಳಿಯ ದೂರದ ಬಯಾನ್ ಲೆಪಾಸಿನ ಕಾರ್ಖಾನೆಯಲ್ಲಿ, ನನ್ನ ಹೆಂಡತಿ ಮೊದಲೇ ತೀರಿಕೊಂಡಿದ್ದಳು. ಬಾಣಂತನ ಮಾಡಬೇಕಾದವನು ನಾನೇ. ಇವೆಲ್ಲ ಕಾರಣಗಳು, ನೆಪಗಳೂ ಹೌದು. ಈಗ ಬೇರ್ಪಡಿಸಲು ಹೋದರೆ ಬರುವುದಿಲ್ಲ. ನಾನು ಮಾಡಿದ್ದು ಇಷ್ಟು: ಖಾಲಿ ಶೇಂಗಾ ತಟ್ಟೆ ಎತ್ತುವವನಂತೆ ಸಾಹೇಬರ ಮೇಜಿಗೆ ಹೋದೆ. ತಟ್ಟೆ ಎತ್ತಿಕೊಂಡೆ. ಅದಿದ್ದ ಜಾಗದಲ್ಲಿ ರಿಮೋಟನ್ನು ಇಟ್ಟೆ. ಮೈಕು ಹಿಡಿದು ಕೂತಿದ್ದ ಅವರ ಕಡೆ ಗಲ್ಲ ತಿರುಗಿಸಿ ಹೇಳಿದೆ: "ಡಿಯಾ ಪುನ್ಯ." ಅವರದು. ಪುಣ್ಯದಂತೆ ಕೇಳಿಸುವ ಆ ಪದ ನುಡಿದು ನಾನು ಕಟ್ಟಿಕೊಂಡದ್ದು ಏನೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಅಧಿಕಾರಿಗಳಿಗೆ ಸಂಶಯವೇ ಬರಲಿಲ್ಲ. ಸಂಜೆಯಿಡೀ ಮೈಕು ಹಿಡಿದು ಪಂದ್ಯ ನಡೆಸುತ್ತಿದ್ದವನು ಅವನೇ ಎಂದು ಅವರು ಕಣ್ಣಾರೆ ಕಂಡಿದ್ದರು. ಸಾಹೇಬರು ರಿಮೋಟನ್ನು ನೋಡಿದರು. ನನ್ನನ್ನು ನೋಡಿದರು. ಅವರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಒಂದು ವಾಕ್ಯ ಸಾಕಿತ್ತು. ಅವರು ಮೈಕನ್ನು ಕೆಳಗಿಡದೆ, ಚೆಂಡು ಹೊರಗೆ ಹೋಯಿತೆಂದು ಹೇಳುವ ಅದೇ ದನಿಯಲ್ಲಿ ಕನ್ನಡದಲ್ಲಿ ಹೇಳಿದರು:

"ಶೆಟ್ರ, ಮಗಳ ಬಾಣಂತನ ಮುಗೀಲಿ. ಆಮ್ಯಾಲ ಬಂದು ಖರೇ ಹೇಳ್ರಿ."

ಅದು ಸ್ಪೀಕರಿನಲ್ಲಿ ಇಡೀ ಪಬ್ಬಿಗೆ ಕೇಳಿಸಿತು. ಅಧಿಕಾರಿಗಳು ಅದನ್ನೂ ಆಟದ ವರ್ಣನೆ ಎಂದುಕೊಂಡು ನಕ್ಕರು. ಕನ್ನಡ ಬಲ್ಲವರು ಯಾರೂ ನಗಲಿಲ್ಲ, ಆಮೇಲೆ ಅವರಲ್ಲಿ ಯಾರೂ ಆ ಮೆಟ್ಟಿಲು ಹತ್ತಲಿಲ್ಲ.

ಮಗಳು ಹೆತ್ತಳು. ನಾನು ಕಾಳುಮೆಣಸು ಕುಟ್ಟಿ, ಬಾಣಂತಿ ಸಾರು ಕಾಸಿ, ಮಗುವಿಗೆ ಎಣ್ಣೆ ಹಚ್ಚಿ ಬಿಸಿನೀರು ಹೊಯ್ದೆ. ಅದೇ ಹೊತ್ತಿಗೆ ಸಾಹೇಬರನ್ನು ಮತ್ತೆ ಮತ್ತೆ ಕಚೇರಿಗೆ ಕರೆಸಿದರೆಂದು ಕೇಳಿದೆ. ಕೇಸು ಏನಾಯಿತೋ ತಿಳಿಯದು. ಅವರ ಕಂಪನಿ ಮಾತ್ರ ಕೆಲಸದ ಪರವಾನಗಿ ಮುಂದುವರಿಸಲಿಲ್ಲ. ತಮ್ಮ ಮಗಳ ಶಾಲೆಯ ಕೊನೆಯ ವರ್ಷದ ಪರೀಕ್ಷೆಗೆ ಮುಂಚೆಯೇ ಅವರು ಸಂಸಾರ ಕಟ್ಟಿಕೊಂಡು ಧಾರವಾಡಕ್ಕೆ ಹೊರಟರು. ತೌಕೆ ಇಪೋದಿಂದ ಬಂದು ನನ್ನ ಬೆನ್ನು ತಟ್ಟಿ, "ಶೆಟ್ಟಿ, ಯೂ ಗುಡ್ ಮ್ಯಾನ್ ಲಾ" ಎಂದ. ನನ್ನ ಬಾಳಿನಲ್ಲಿ ಅದಕ್ಕಿಂತ ಕೆಟ್ಟ ಬೈಗುಳ ಕೇಳಿಲ್ಲ.

ಬಾಣಂತನ ಮುಗಿಯಿತು. ಮಗುವಿಗೆ ಹೆಸರಿಡುವುದು ಮುಗಿಯಲಿ, ಆಮೇಲೆ ಎಂದುಕೊಂಡೆ. ಹಲ್ಲು ಬರಲಿ, ಆಮೇಲೆ. ಕಾಲು ಬರಲಿ, ಮಾತು ಬರಲಿ, ಆಮೇಲೆ. ಸಾಹೇಬರು ಕೊಟ್ಟದ್ದು ಒಂದು ಆಮೇಲೆ. ನಾನು ಅದನ್ನು ದೋಸೆ ಹಿಟ್ಟಿನಂತೆ ನೀರು ಹಾಕಿ ಹಾಕಿ ಹರಡಿದೆ. ಭಾರತದ ಸಂಖ್ಯೆಯಿಂದ ಫೋನು ಬಂದರೆ ಇಂದಿಗೂ ಎದ್ದು ನಿಂತೇ ಎತ್ತುತ್ತೇನೆ, ಅದು ಸಾಲ ಬೇಕೇ ಎಂದು ಕೇಳುವ ಫೋನಾಗಿದ್ದರೂ. ಒಮ್ಮೆ ಬಾಂಗ್ಸಾರಿನ ರೈಲು ನಿಲ್ದಾಣದಲ್ಲಿ ಅವರ ನಡಿಗೆಯೇ ಕಂಡಂತಾಗಿ ಕಂಬದ ಹಿಂದೆ ಅಡಗಿದೆ. ಆತ ಸುತ್ತಿ ಬಂದು ಕಂಬದ ಹಿಂದೆಯೇ ನನ್ನನ್ನು ಹಿಡಿದ. ಯಾರೋ ತಮಿಳು ಮುದುಕ, ಪುಚೊಂಗಿಗೆ ಯಾವ ರೈಲು ಎಂದು ಕೇಳಿದ. ಗಾಬರಿಯಲ್ಲಿ ಅವನನ್ನೂ ತಪ್ಪು ರೈಲಿಗೆ ಹತ್ತಿಸಿದೆ.

ಕಳೆದ ಶನಿವಾರ ಸಂಜೆ ಮೊಮ್ಮಗಳ ಜೊತೆ ಪಂದ್ಯ ನೋಡುತ್ತಿದ್ದೆ. ಟಿವಿ ಎಂದಿನಂತೆ ಮೂಕ. ಒಬ್ಬ ಬಲಗಡೆಯಿಂದ ಚೆಂಡು ತಂದ. ನನ್ನ ಬಾಯಿಂದ, ನನಗೇ ತಿಳಿಯದೆ, ಧಾರವಾಡದ ಕನ್ನಡ ಹೊರಟಿತು: "ಬಂದಾನ, ಬಂದಾನ, ಯಾರೂ ಕೇಳವರಿಲ್ಲ!" ಅವಳು ಚಪ್ಪಾಳೆ ತಟ್ಟಿ ನಕ್ಕಳು. "ಅಜ್ಜ, ಸೋ ಫನ್ನಿ! ಹೂ ಟಾಟ್ ಯೂ?" ನಾನು ಮೊದಲ ಬಾರಿಗೆ ಹೇಳಿದೆ, ಮಕ್ಕಳಿಗೆ ಹೇಳುವಷ್ಟು, ಆದರೆ ಸುಳ್ಳಿಲ್ಲದೆ. ರಿಮೋಟು ಇಟ್ಟದ್ದನ್ನೂ ಹೇಳಿದೆ. ಅವಳು ಬೈಯಲಿಲ್ಲ. ಚೆಂಡಿನ ಮೇಲೆಯೇ ಕಣ್ಣಿಟ್ಟು ಕೇಳಿದಳು: "ಸೋ ದ ಅಂಕಲ್ ಸ್ಟಿಲ್ ವೇಟಿಂಗ್ ಆ?"

ಹೌದು ಮಗಾ, ಕಾಯುತ್ತಿರಬಹುದು. ಅಥವಾ ಕಾಯುವುದನ್ನೇ ಬಿಟ್ಟಿರಬಹುದು. ಅದು ಇನ್ನೂ ಹೆಚ್ಚು ಭಯದ ಮಾತು.

ಇದನ್ನು ಬರೆಯುವಾಗ ರಿಮೋಟು ಮೇಜಿನ ಮೇಲಿದೆ, ನನ್ನ ಎದುರಿಗೆ, ನನಗೆ ನಾನೇ ಸರಿಸಿಕೊಂಡದ್ದು. ಇನ್ನು ಯಾರಾದರೂ ಬಂದು ಯಾರದು ಇದು ಎಂದು ಕೇಳಿದರೆ ನನ್ನದು ಎನ್ನುತ್ತೇನೆ. ಪೆಟ್ಟಿಗೆಯೇನೋ ಅಂಗಡಿಯದು, ಅಂಗಡಿ ಅಂದು ನನ್ನ ಕೈಯಲ್ಲಿತ್ತು. ಸಾಹೇಬರದೆಂದು ಅಲ್ಲಿ ಇದ್ದದ್ದು ಒಂದು ಲೋಟ ಲಿಂಬು ಸೋಡಾ ಮತ್ತು ಬಾಯ್ತುಂಬ ಕನ್ನಡ, ಅಷ್ಟೇ. ಇಷ್ಟು ಹೊತ್ತು ಅವರನ್ನು ಸಾಹೇಬರು, ಸಾಹೇಬರು ಎಂದೇ ಕರೆದು ಹೆಸರಿನ ಮೇಲೂ ಒಂದು ಟೇಪು ಅಂಟಿಸಿದ್ದೆ. ಅದನ್ನೂ ಸುಲಿಯುತ್ತೇನೆ. ಖರೇ ಹೇಳಲು ಬಂದಿದ್ದೇನೆ, ಈರಪ್ಪ ಹಂಚಿನಮನಿಯವರೇ.