ಹುಂಜಕ್ಕೆ ಹೆಣ್ಣು ನೋಡುವ ದೇವದಾಸಣ್ಣ

ನಾಸಿಕ್ ರೋಡಿನಲ್ಲಿ ಶುದ್ಧ ಸಸ್ಯಾಹಾರಿ ಹೋಟೆಲು ನಡೆಸುವ ದೇವದಾಸಣ್ಣನ ತಾರಸಿಯ ತುಂಬ ಕಾಳಗಕ್ಕೆಂದೇ ಬೆಳೆಸುವ ಅಂಕದ ಕೋಳಿಗಳು. ಒಂದನ್ನೂ ಅಂಕಕ್ಕೆ ಇಳಿಸಿದವರಲ್ಲ; ಸಾಕುವುದೇ ಅವರಿಗೆ ಸುಖ. ಹುಂಜಗಳು ಒಂದನ್ನೊಂದು ಕಂಡರೆ ಕಾದಾಡುತ್ತವೆಂದು ಗೂಡುಗಳ ನಡುವೆ ಹೋಟೆಲಿನ ಹಳೆಯ ಬೋರ್ಡುಗಳನ್ನು ನಿಲ್ಲಿಸಿದ್ದಾರೆ. ಇಡ್ಲಿ-ವಡೆಯ ಬೋರ್ಡಿನ ಹಿಂದಿನಿಂದ ಪೈಲ್ವಾನನೆಂಬ ಹುಂಜ ಕೂಗಿದರೆ, ಕೆಳಗೆ ಗಿರಾಕಿಗಳು ಸಾಂಬಾರಿನ ಬಟ್ಟಲನ್ನು ಅನುಮಾನದಿಂದ ನೋಡುತ್ತಾರೆ. ಮರಿ ಮಾಡಿಸುವಾಗಲಂತೂ ದೇವದಾಸಣ್ಣ ಹುಂಜದ ತಂದೆಯೇ ಆಗಿಬಿಡುತ್ತಾರೆ. ತುಳುನಾಡಿನ ಅವರ ಊರಿನಲ್ಲಿ ತಾಯಿಯಿಂದ ಬರುವ ಕುಲವನ್ನು ಬಳಿ ಎನ್ನುತ್ತಾರೆ; ಒಂದೇ ಬಳಿಯವರಿಗೆ ಮದುವೆಯಿಲ್ಲ. ಊರಿನಿಂದ ತರಿಸುವ ಹೇಂಟೆಗೂ ಅವರು ಅಜ್ಜಿ, ಮುತ್ತಜ್ಜಿಯವರೆಗೆ ವಿಚಾರಿಸಿ, "ಬಳಿ ಒಂದೇ ಮಾರಾಯ್ರೆ, ಈ ಸಂಬಂಧ ಬೇಡ" ಎಂದು ಫೋನಿಡುತ್ತಾರೆ. ಆದ್ದರಿಂದಲೇ ಮಗಳು ಶ್ರೀಜಾ ತಾನು ಮೆಚ್ಚಿದ ಪಿಂಪಳಗಾಂವಿನ ಮರಾಠಿ ಹುಡುಗನನ್ನು ಕರೆತಂದ ದಿನ ಹೆಂಡತಿ ಜಲಜಾಕ್ಷಿ, ಗಂಡ ಏನೆನ್ನುತ್ತಾರೋ ಎಂದು ಬಾಗಿಲಲ್ಲೇ ನಿಂತುಬಿಟ್ಟರು. ಬಳಿಯೆಂದರೇನೆಂದೇ ಅವನಿಗೆ ಗೊತ್ತಿರಲಿಲ್ಲ. ದೇವದಾಸಣ್ಣ ಅವನನ್ನು ಹುಂಜವನ್ನು ನೋಡುವಂತೆಯೇ ಮೊದಲು ಕಾಲು, ಆಮೇಲೆ ಕಣ್ಣು ನೋಡಿದರು. "ಬಳಿ ಬೇರೆ, ಅದಂತೂ ಖಂಡಿತ. ಹೊಸ ರಕ್ತ ಬಂದ್ರೆ ಮರಿಗಳು ಗಟ್ಟಿ!" ಎಂದರು. "ಮರಿ ಅಲ್ಲ ಮಾರಾಯ್ರೆ, ಮೊಮ್ಮಕ್ಕಳು!" ಎಂದು ಜಲಜಾಕ್ಷಿ ನಗುತ್ತಲೇ ಕಣ್ಣೊರೆಸಿಕೊಂಡರು.